ಅರೈವಲ್ ಕಾರ್ಡ್ ತುಂಬುವ ಮೊದಲು ಪಾಸ್‌ಪೋರ್ಟ್ ಹೊರಗೆ ತೆಗೆಯಿರಿ

ತೀರ್ಥಹಳ್ಳಿ ಪೇಟೆಯಲ್ಲಿ ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಗಳ ಸಣ್ಣ ಅಂಗಡಿ. ಪಹಣಿ, ಬೆಳೆ ವಿಮೆ, ವಿದ್ಯಾರ್ಥಿವೇತನ ಇವೇ ವರ್ಷದ ಮುಖ್ಯ ಕೆಲಸ. ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಕಳಿಸಿದ ಮೇಲೆ ಮಾತ್ರ ಇನ್ನೊಂದು ಬಗೆಯ ಗಿರಾಕಿಗಳು ಬರುತ್ತಾರೆ: ಗುಂಪು ಕಟ್ಟಿಕೊಂಡು ಥಾಯ್ಲೆಂಡ್, ಮಲೇಷ್ಯಾ, ಸಿಂಗಾಪುರ ನೋಡಲು ಹೊರಟವರು. ಮೊದಲೆಲ್ಲ ಅರೈವಲ್ ಕಾರ್ಡ್, ಅಂದರೆ ದೇಶಕ್ಕೆ ಬಂದಿಳಿಯುವವರು ತಮ್ಮ ವಿವರ ಬರೆದುಕೊಡುವ ಚೀಟಿ, ಕಾಗದದ್ದಾಗಿತ್ತು; ವಿಮಾನದೊಳಗೆ ಗಗನಸಖಿ ಕೊಡುತ್ತಿದ್ದ ಅದನ್ನು ಪಕ್ಕದವರ ಪೆನ್ನು ಕೇಳಿ ತುಂಬಿದರೆ ಮುಗಿಯುತ್ತಿತ್ತು. ಈಗ ಮಲೇಷ್ಯಾ 2024ರ ಜನವರಿ 1ರಿಂದ, ಥಾಯ್ಲೆಂಡ್ 2025ರ ಮೇ 1ರಿಂದ ಅದನ್ನು ಆನ್‌ಲೈನ್‌ನಲ್ಲೇ ಕಡ್ಡಾಯ ಮಾಡಿವೆ. ಸಿಂಗಾಪುರದಲ್ಲೂ ಹೀಗೇ. ಕೆಲವು ಟೂರ್‌ನವರು ತಾವೇ ತುಂಬಿಕೊಡುತ್ತಾರೆ, ಕೆಲವರು ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಿಂಕ್ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಆ ಎರಡನೆಯವರ ಪ್ರಯಾಣಿಕರು ನನ್ನ ಬಳಿ ಬರುತ್ತಾರೆ.

ಲಿಂಕ್ ಇಲ್ಲದೆ ಬಂದವರ ಮೊದಲ ತೊಂದರೆ ದುಡ್ಡಿನದು. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಕಾಣುವುದು ಬಹಳ ಸಲ ಜಾಹೀರಾತು. ಸರ್ಕಾರದ ಜಾಲತಾಣದಂತೆಯೇ ಲಾಂಛನ, ಬಣ್ಣ ಎಲ್ಲ ಇರುತ್ತದೆ. ಕೊನೆಯ ಪುಟದಲ್ಲಿ ಡಾಲರ್ ಲೆಕ್ಕದಲ್ಲಿ ಶುಲ್ಕ ಕೇಳುತ್ತದೆ. ಈ ಮೂರೂ ದೇಶಗಳ ಅರೈವಲ್ ಕಾರ್ಡ್ ಪೂರ್ತಿ ಉಚಿತ. ಹಣ ಕೇಳಿದ ಕೂಡಲೇ ಪುಟ ಮುಚ್ಚಿ. ವಿಳಾಸದ ಕೊನೆ ನೋಡುವುದನ್ನು ಎಲ್ಲರಿಗೂ ಹೇಳಿಕೊಡುತ್ತೇನೆ: ಥಾಯ್ಲೆಂಡಿಗೆ ‘ಡಾಟ್ ಜಿಒ ಡಾಟ್ ಟಿಎಚ್’, ಮಲೇಷ್ಯಾಕ್ಕೆ ‘ಡಾಟ್ ಜಿಒವಿ ಡಾಟ್ ಎಂವೈ’, ಸಿಂಗಾಪುರಕ್ಕೆ ‘ಡಾಟ್ ಜಿಒವಿ ಡಾಟ್ ಎಸ್‌ಜಿ’. ಇನ್ನೊಂದು ಮಾತು. ಇದು ವೀಸಾ ಅಲ್ಲ. ಸಿಂಗಾಪುರಕ್ಕೆ ನಮ್ಮವರಿಗೆ ವೀಸಾ ಬೇಕು. ಅರೈವಲ್ ಕಾರ್ಡ್ ಬಂತೆಂದು ನಿಶ್ಚಿಂತೆಯಿಂದ ಕುಳಿತವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ನಿಜವಾದ ತಲೆನೋವು ಹೆಸರಿನದು. ನಮ್ಮ ಕಡೆ ಹಳಬರಿಗೆ ಉಪನಾಮ ಎಂಬುದೇ ಇರುವುದಿಲ್ಲ. ಪಾಸ್‌ಪೋರ್ಟ್‌ನಲ್ಲಿ ‘ಸರ್‌ನೇಮ್’ ಎಂಬ ಕಡೆ ಖಾಲಿ, ‘ಗಿವನ್ ನೇಮ್’ ಎಂಬ ಕಡೆ ಮಂಜಪ್ಪ ಎಂದಷ್ಟೇ ಇರುತ್ತದೆ. ವಿಮಾನದ ಟಿಕೆಟ್ ತೆಗೆಯುವಾಗ ಎರಡೂ ಜಾಗ ಭರ್ತಿಯಾಗಲೇಬೇಕು ಎಂದು ಏಜೆಂಟರು ಮಂಜಪ್ಪ ಮಂಜಪ್ಪ ಎಂದು ಹಾಕಿರುತ್ತಾರೆ. ಆಧಾರ್‌ನಲ್ಲಿ ಇನ್ನೇನೋ ಇನಿಷಿಯಲ್. ಮೂರನ್ನೂ ಮೇಜಿನ ಮೇಲೆ ಹರಡಿ, “ಯಾವುದನ್ನು ಹಾಕುತ್ತೀರಿ?” ಎಂದು ಕೇಳುತ್ತಾರೆ. ನಾನು ಟಿಕೆಟ್ಟನ್ನೂ ಆಧಾರನ್ನೂ ಅವರ ಚೀಲಕ್ಕೇ ವಾಪಸ್ ಹಾಕಿಸುತ್ತೇನೆ. ಪಾಸ್‌ಪೋರ್ಟ್‌ನಲ್ಲಿ ಏನಿದೆಯೋ ಅದು, ಅಷ್ಟೇ. ಇನಿಷಿಯಲ್ ಬಿಡಿಸಿ ಬರೆಯುವುದು, ಮನೆತನದ ಹೆಸರು ಸೇರಿಸುವುದು, ಇದಾವುದೂ ಬೇಡ. ಮಲೇಷ್ಯಾ ಮತ್ತು ಸಿಂಗಾಪುರದ ಅರ್ಜಿಗಳಲ್ಲಿ ಪೂರ್ತಿ ಹೆಸರಿಗೆ ಒಂದೇ ಜಾಗ ಇರುವುದರಿಂದ ಅಲ್ಲಿ ಈ ಗೋಜಿಲ್ಲ. ಥಾಯ್ಲೆಂಡಿನದರಲ್ಲಿ ಮಾತ್ರ ಹೆಸರು ಬೇರೆ, ಉಪನಾಮ ಬೇರೆ. ಇಲ್ಲದ ಉಪನಾಮವನ್ನು ಹುಟ್ಟಿಸಲು ಹೋಗಬಾರದು. ಪಾಸ್‌ಪೋರ್ಟ್‌ನ ಫೋಟೊ ಹಾಕಿದರೆ ಅದೇ ಓದಿಕೊಂಡು ಭರ್ತಿ ಮಾಡುವ ಸೌಲಭ್ಯವೂ ಅಲ್ಲಿದೆ. ಅನುಕೂಲವೇ ಸರಿ, ಆದರೆ ಹೆಸರು ಯಾವ ಜಾಗಕ್ಕೆ ಹೋಗಿ ಕುಳಿತಿದೆ ಎಂದು ಕಣ್ಣಲ್ಲಿ ನೋಡದೆ ಮುಂದೆ ಹೋಗುವುದಿಲ್ಲ.

ಪಾಸ್‌ಪೋರ್ಟ್ ಸಂಖ್ಯೆಯಲ್ಲಿ ಸೊನ್ನೆಯೋ ‘ಓ’ ಅಕ್ಷರವೋ ಎಂಬ ಗೊಂದಲವೂ ಆಗಾಗ ಬರುತ್ತದೆ. ನನ್ನ ಮೇಜಿಗೆ ಬರುವ ಪಾಸ್‌ಪೋರ್ಟ್‌ಗಳಲ್ಲಿ ಬಹುತೇಕ ಎಲ್ಲವೂ ಒಂದು ಅಕ್ಷರ, ಅದರ ಮುಂದೆ ಏಳು ಅಂಕಿ. ಅಲ್ಲಿ ನಡುವೆ ದುಂಡಗೆ ಕಂಡದ್ದು ಸೊನ್ನೆಯೇ. ಪಾಸ್‌ಪೋರ್ಟ್ ನವೀಕರಿಸಿಕೊಂಡವರು ಹಳೆಯ ಪುಸ್ತಕವನ್ನೂ ಜೊತೆಗೇ ರಬ್ಬರ್ ಬ್ಯಾಂಡ್ ಹಾಕಿ ತರುತ್ತಾರೆ. ಯಾವುದನ್ನು ನೋಡಿ ಬರೆಯುತ್ತಿದ್ದೇನೆ ಎಂಬ ಎಚ್ಚರ ಬೇಕು.

ಎರಡನೆಯ ದೊಡ್ಡ ತೊಡಕು ದಿನಾಂಕ. ಬೆಂಗಳೂರಿನಿಂದ ಹೋಗುವ ಹಲವು ವಿಮಾನಗಳು ತಡರಾತ್ರಿಯವು. 14ರ ರಾತ್ರಿ ಹತ್ತಿದವರು ಇಳಿಯುವುದು 15ರ ಬೆಳಿಗ್ಗೆ. ಥಾಯ್ಲೆಂಡ್ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಸಿಂಗಾಪುರ ಮತ್ತು ಮಲೇಷ್ಯಾ ಎರಡೂವರೆ ಗಂಟೆ ಮುಂದೆ. ಕಾರ್ಡ್ ಕೇಳುವುದು ಇಳಿಯುವ ದಿನ, ಅಲ್ಲಿನ ಲೆಕ್ಕದಲ್ಲಿ. ಊರು ಬಿಡುವ ದಿನವನ್ನು ಹಾಕಿದರೆ ಮುಂದಿನ ಎಲ್ಲವೂ ಒಂದು ದಿನ ಹಿಂದೆ ಸರಿಯುತ್ತದೆ. ತುಂಬುವ ಅವಧಿಯೂ ಇಳಿಯುವ ದಿನದಿಂದಲೇ ಲೆಕ್ಕ. ಸಿಂಗಾಪುರ ಇಳಿಯುವ ದಿನವೂ ಸೇರಿ ಮೂರು ದಿನ ಎನ್ನುತ್ತದೆ, ಅಂದರೆ 15ಕ್ಕೆ ಇಳಿಯುವವರಿಗೆ 13ರಿಂದ. ಥಾಯ್ಲೆಂಡ್, ಮಲೇಷ್ಯಾಗಳಲ್ಲಿ ಇಳಿಯುವ ಮೂರು ದಿನ ಮೊದಲಿನಿಂದ. ತಿಂಗಳ ಮೊದಲೇ ಬಂದು “ಈಗಲೇ ಮಾಡಿಬಿಡಿ” ಎನ್ನುವ ಭಟ್ಟರಿಗೆ, “ಈಗ ಅದು ತೆಗೆದುಕೊಳ್ಳುವುದಿಲ್ಲ ಭಟ್ಟರೇ, ಹೊರಡುವ ಹಿಂದಿನ ದಿನ ಬನ್ನಿ” ಎಂದರೆ ನನಗೆ ಕೆಲಸ ಗೊತ್ತಿಲ್ಲ ಎಂದೇ ತಿಳಿಯುತ್ತಾರೆ.

ಪಟ್ಟಿಯಿಂದ ಆರಿಸುವ ಜಾಗಗಳಲ್ಲಿ ಮೊಬೈಲ್‌ನಲ್ಲಿ ತುಂಬುವವರು ಸಿಕ್ಕಿಹಾಕಿಕೊಳ್ಳುತ್ತಾರೆ. ಪೂರ್ತಿ ಟೈಪ್ ಮಾಡಿದರೂ ಕೆಂಪು ಗೆರೆ ಹೋಗುವುದಿಲ್ಲ. ಎರಡು ಮೂರು ಅಕ್ಷರ ಹೊಡೆದು ಕೆಳಗೆ ಇಳಿದ ಪಟ್ಟಿಯಿಂದ ಬೆರಳಿಟ್ಟು ಆರಿಸಬೇಕು. ಪಟ್ಟಾಯದ ಹೋಟೆಲ್‌ಗೆ ಪ್ರಾಂತ್ಯ ಆರಿಸುವಾಗ ಪಟ್ಟಾಯ ಎಂದು ಹುಡುಕಿದರೆ ಸಿಗುವುದಿಲ್ಲ, ಅದು ಚೋನ್‌ಬುರಿ ಪ್ರಾಂತ್ಯದಲ್ಲಿದೆ. ಗೆಂಟಿಂಗ್ ಹೈಲ್ಯಾಂಡ್ಸ್ ಕ್ವಾಲಾಲಂಪುರಕ್ಕೆ ಹತ್ತಿರವಾದರೂ ಇರುವುದು ಪಹಾಂಗ್ ರಾಜ್ಯದಲ್ಲಿ. ಕ್ರೋಮ್ ಬ್ರೌಸರ್ ಪುಟವನ್ನು ಕನ್ನಡಕ್ಕೆ ತಿರುಗಿಸಲೇ ಎಂದು ಕೇಳುತ್ತದೆ. ಹೂಂ ಎಂದರೆ ಇಂಥ ಪಟ್ಟಿಗಳು ಕೆಲವೊಮ್ಮೆ ಕೆಲಸವನ್ನೇ ನಿಲ್ಲಿಸುತ್ತವೆ. ಕನ್ನಡದ ಮೇಲೆ ಎಷ್ಟೇ ಅಭಿಮಾನವಿದ್ದರೂ ಇಲ್ಲಿ ಬೇಡ ಎನ್ನಿ. ಉದ್ಯೋಗದ ಜಾಗದಲ್ಲಿ ಅಡಿಕೆಯ ವಿವರಣೆ ಬೇಕಿಲ್ಲ, ಇಂಗ್ಲಿಷಿನಲ್ಲಿ ‘ಫಾರ್ಮರ್’ ಸಾಕು. ಮಳೆಗಾಲದಲ್ಲಿ ನೆಟ್‌ವರ್ಕ್ ಎಳೆದಾಡುವಾಗ, ನೀವು ಮನುಷ್ಯರೇ ಎಂದು ಪರೀಕ್ಷಿಸುವ ಪುಟ್ಟ ಚೌಕದಲ್ಲಿ ಟಿಕ್ ಬೀಳುವವರೆಗೆ ಮುಂದಿನ ಗುಂಡಿ ಜೀವ ಪಡೆಯುವುದಿಲ್ಲ. ಸುಮ್ಮನೆ ಒತ್ತುವುದಕ್ಕಿಂತ ಪುಟವನ್ನು ಹೊಸದಾಗಿ ತೆರೆಯುವುದು ವಾಸಿ.

ಎಲ್ಲ ಮುಗಿಸಿ ಕಳಿಸಿದ ಮೇಲೆ “ಮೇಲ್ ಬರಲಿಲ್ಲ” ಎಂಬ ದೂರು. ಸ್ಪ್ಯಾಮ್‌ನಲ್ಲೂ ಇರುವುದಿಲ್ಲ. ಗಿರಾಕಿಯ ಮೊಬೈಲ್ ಈಸಿಕೊಂಡು ಜಿಮೇಲ್ ತೆರೆದರೆ ಮೇಲ್ಗಡೆಯೇ ಕಾರಣ ಬರೆದಿರುತ್ತದೆ: ಜಾಗ ಭರ್ತಿ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿಯಲ್ಲಿ ಮೇಲ್, ಫೋಟೊ, ವಾಟ್ಸ್‌ಆ್ಯಪ್ ಬ್ಯಾಕಪ್ ಎಲ್ಲವೂ ಸೇರುತ್ತವೆ. ಮೊಮ್ಮಗನ ನಾಮಕರಣದ ವಿಡಿಯೊ, ದಿನಾ ಬರುವ ಶುಭೋದಯದ ಚಿತ್ರಗಳು ಅದನ್ನು ತುಂಬಿಬಿಟ್ಟಿರುತ್ತವೆ. ತುಂಬಿದ ಪೆಟ್ಟಿಗೆಗೆ ಹೊಸ ಮೇಲ್ ಇಳಿಯುವುದಿಲ್ಲ. ಇಂಥವರಿಗೆ ಜಾಗ ಖಾಲಿ ಮಾಡಿಕೊಡುತ್ತ ಕೂರುವುದಿಲ್ಲ. ಮಗನದೋ ಮಗಳದೋ ಮೇಲ್ ವಿಳಾಸ ಕೇಳಿ ಹಾಕುತ್ತೇನೆ. ಮಲೇಷ್ಯಾದವರು ಮೇಲ್‌ಗೆ ಒಂದು ಪಿನ್ ಕಳಿಸುತ್ತಾರೆ, ಮುಂದೆ ಕಾರ್ಡ್ ಪರಿಶೀಲಿಸಲು ಅದು ಬೇಕು. ಥಾಯ್ಲೆಂಡಿನದಾದರೆ ಕೊನೆಯ ಪುಟದಲ್ಲೇ ಪಿಡಿಎಫ್ ಇಳಿಸಿಕೊಳ್ಳಬಹುದು. ಅದನ್ನು ಅಲ್ಲೇ ಮುದ್ರಿಸಿ, ಒಂದು ಪ್ರತಿ ಪಾಸ್‌ಪೋರ್ಟ್ ಒಳಗೆ, ಇನ್ನೊಂದು ಕೈಚೀಲಕ್ಕೆ. ವಿಮಾನ ನಿಲ್ದಾಣದಲ್ಲಿ ಮೊಬೈಲ್ ಚಾರ್ಜ್ ಹೋಗಿ ಒದ್ದಾಡುವುದಕ್ಕಿಂತ ನಾಲ್ಕು ರೂಪಾಯಿಯ ಕಾಗದ ವಾಸಿ. ಹೀಗೆನ್ನುವುದರಲ್ಲಿ ಜೆರಾಕ್ಸ್ ಅಂಗಡಿಯವನ ಸ್ವಾರ್ಥವೂ ಇಲ್ಲದಿಲ್ಲ.

ಕಳಿಸಿದ ಮೇಲೆ ಹೋಟೆಲ್ ಬದಲಾಯಿತು, ವಿಮಾನ ಬದಲಾಯಿತು ಎಂದರೆ ಗಾಬರಿ ಬೇಡ. ಥಾಯ್ಲೆಂಡಿನ ತಾಣದಲ್ಲಿ ತಿದ್ದಲು ಅವಕಾಶವಿದೆ. ಪೂರ್ತಿ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ರಾಷ್ಟ್ರೀಯತೆ, ಹುಟ್ಟಿದ ದಿನ ಇವು ನಾಲ್ಕನ್ನು ಮಾತ್ರ ತಿದ್ದಲಾಗದು. ತಪ್ಪಿದ್ದರೆ ಹೊಸ ಕಾರ್ಡನ್ನೇ ತುಂಬಬೇಕು. ಅದಕ್ಕೂ ದುಡ್ಡಿಲ್ಲ.

ಸಿಂಗಾಪುರ ನೋಡಿ ಬಸ್ಸಿನಲ್ಲಿ ಗಡಿ ದಾಟಿ ಜೊಹೊರ್ ಮೂಲಕ ಮಲೇಷ್ಯಾಕ್ಕೆ ಹೋಗಿ ಮತ್ತೆ ಸಿಂಗಾಪುರದಿಂದ ವಿಮಾನ ಹತ್ತುವವರು ಪ್ರತಿ ಪ್ರವೇಶಕ್ಕೂ ಬೇರೆ ಕಾರ್ಡ್ ಬೇಕೆಂಬುದನ್ನು ಮರೆಯುತ್ತಾರೆ. ಅಂದರೆ ಒಂದೇ ಪ್ರವಾಸಕ್ಕೆ ಮೂರು. ಕೊನೆಯದರ ಅವಧಿ ಊರು ಬಿಡುವಾಗ ತೆರೆದೇ ಇರುವುದಿಲ್ಲ. ಗುಂಪಿನಲ್ಲಿ ಮೊಬೈಲ್ ಚೆನ್ನಾಗಿ ಬಲ್ಲ ಒಬ್ಬರನ್ನು ಅಂಗಡಿಗೆ ಕರೆಸಿ, ಮೊದಲನೆಯದನ್ನು ಅವರ ಕೈಯಿಂದಲೇ ತುಂಬಿಸುತ್ತೇನೆ. ಉಳಿದದ್ದನ್ನು ಅವರು ಅಲ್ಲಿಂದಲೇ ಮಾಡಿಕೊಳ್ಳುತ್ತಾರೆ. ಎಲೆಯಡಿಕೆ ಸಂಚಿ ಬಿಟ್ಟಿರಲಾರದವರಿಗೆ ಇನ್ನೊಂದು ಎಚ್ಚರಿಕೆ: ಸಿಂಗಾಪುರಕ್ಕೆ ಜಗಿಯುವ ಹೊಗೆಸೊಪ್ಪು ಒಯ್ಯುವಂತಿಲ್ಲ.

ಈಚೆಗೆ ಎದುರು ದಿಕ್ಕಿನ ಕೆಲಸವೂ ಬರತೊಡಗಿದೆ. 2025ರ ಅಕ್ಟೋಬರ್ 1ರಿಂದ ಭಾರತಕ್ಕೆ ಬರುವ ವಿದೇಶಿಯರಿಗೂ ಇ-ಅರೈವಲ್ ಕಾರ್ಡ್ ಬಂದಿದೆ. ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಅದರ ಅಗತ್ಯವಿಲ್ಲ. ಆಗುಂಬೆ ಕಡೆಯ ಹೋಂಸ್ಟೇಗಳಿಗೆ ಬರುವವರು ಉಳಿಯುವ ವಿಳಾಸ ಕೇಳಿ ಮಾಲೀಕರಿಗೆ ಸಂದೇಶ ಕಳಿಸುತ್ತಾರೆ. ‘ಸೇತುವೆ ದಾಟಿ ಎಡಕ್ಕೆ’ ಎಂಬ ವಿಳಾಸ ಅರ್ಜಿಗೆ ಆಗುವುದಿಲ್ಲ. ಮನೆಯ ಹೆಸರು, ಗ್ರಾಮ, ಅಂಚೆ, ತಾಲ್ಲೂಕು, ಜಿಲ್ಲೆ, ಪಿನ್‌ಕೋಡ್, ದೂರವಾಣಿ ಇಷ್ಟನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಅತಿಥಿ ಹಾಗೆಯೇ ನಕಲಿಸಿ ಅಂಟಿಸುವಂತೆ ಮಾಲೀಕರ ಮೊಬೈಲ್‌ಗೆ ಹಾಕಿಕೊಡುತ್ತೇನೆ. ವಿದೇಶಿ ಅತಿಥಿ ತಂಗಿದ್ದಾರೆಂದು ಅವರು ಬಂದ 24 ಗಂಟೆಯೊಳಗೆ ಮಾಲೀಕರು ಸರ್ಕಾರಕ್ಕೆ ಸಲ್ಲಿಸಬೇಕಾದ ಫಾರ್ಮ್ (ಹಿಂದೆ ಫಾರ್ಮ್ ಸಿ ಎನ್ನುತ್ತಿದ್ದುದು) ಬೇರೆಯೇ ಇದೆ, ಅತಿಥಿ ಕಾರ್ಡ್ ತುಂಬಿದ್ದಾರೆಂದು ಅದನ್ನು ಬಿಡುವಂತಿಲ್ಲ.