ಡಬ್ಬಿ ತುಂಬಿಟ್ಟು ಹೋದೆ, ಆಮೇಲೆ ಅಡುಗೆಮನೆಯನ್ನೇ ಬಿಟ್ಟುಕೊಟ್ಟೆ

2023ರ ಆಗಸ್ಟಿನಲ್ಲಿ, ತೀರ್ಥಹಳ್ಳಿ ಹತ್ತಿರದ ತವರುಮನೆಯಲ್ಲಿ ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಬೆಳಗಿನ ಜಾವ ತಮ್ಮನ ಫೋನ್ ಬಂತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿಸಬೇಕು ಎಂದ. ನಾವಿರುವುದು ಮೈಸೂರಿನಲ್ಲಿ. ನನ್ನ ಯಜಮಾನರ ಕೆಲಸ ಹುಬ್ಬಳ್ಳಿಯಲ್ಲಿ, ಎರಡು ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಮಗನಿಗೆ ಆಗಷ್ಟೇ ಹದಿನಾರು ತುಂಬಿತ್ತು. ಮೊದಲ ಪಿಯುಸಿ, ಆ ವಾರವೇ ಕಾಲೇಜಿನಲ್ಲಿ ಟೆಸ್ಟು. ಅವನನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ.

ಮಧ್ಯಾಹ್ನ ಹೊರಡುವಷ್ಟರಲ್ಲಿ ಐದು ದಿನಕ್ಕಾಗುವಷ್ಟು ಅಡುಗೆ ಮಾಡಿಟ್ಟೆ. ಹುಳಿ, ಎರಡು ಬಗೆಯ ಪಲ್ಯ, ಟೊಮೆಟೊ ಗೊಜ್ಜು, ಹದಿನೆಂಟು ಚಪಾತಿ. ಒಟ್ಟು ಹನ್ನೊಂದು ಡಬ್ಬಿ. ಒಂದೊಂದರ ಮೇಲೂ ಸೋಮವಾರ, ಮಂಗಳವಾರ ಎಂದು ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿ ಜೋಡಿಸಿದೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ, ಮಗ ಹಸಿದಿರುವುದಿಲ್ಲ ಎಂಬ ಒಂದು ಸಮಾಧಾನವಾದರೂ ಇತ್ತು.

ವಾಪಸು ಬಂದು ಫ್ರಿಜ್ ತೆಗೆದರೆ ಏಳು ಡಬ್ಬಿ ಮುಟ್ಟೇ ಇಲ್ಲ. ಎರಡರಲ್ಲಿ ಬೂಷ್ಟು ಬಂದಿತ್ತು. ಹುಡುಗ ಬ್ರೆಡ್ಡು, ನೂಡಲ್ಸು, ಮೂಲೆ ಹೋಟೆಲಿನ ಇಡ್ಲಿಯಲ್ಲಿ ಐದು ದಿನ ಕಳೆದಿದ್ದ. ದಣಿದಿದ್ದೆ, ಕೂಗಾಡಿದೆ. ಅವನು ತಲೆ ತಗ್ಗಿಸಿ ಹೇಳಿದ: "ಹುಳಿ ಇತ್ತಮ್ಮ. ಅನ್ನ ಮಾಡೋದು ಹೇಗೆ ಅಂತ ನಂಗೆ ಗೊತ್ತಿರ್ಲಿಲ್ಲ. ಅನ್ನ ಇಲ್ದೆ ಹುಳಿ ಇಟ್ಕೊಂಡು ಏನ್ ಮಾಡ್ಲಿ?"

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಫೋನಿನಲ್ಲಿ ದಿನಾ "ಊಟ ಆಯ್ತಾ?" ಎಂದು ಕೇಳಿದ್ದೆ, ಅವನೂ ದಿನಾ "ಆಯ್ತು" ಎಂದಿದ್ದ. ಹದಿನಾರು ವರ್ಷದ ಮಗನಿಗೆ ಅಕ್ಕಿ ತೊಳೆದು ಕುಕ್ಕರ್ ಇಡಲು ಬರುತ್ತದೋ ಇಲ್ಲವೋ ಎಂದು ನಾನು ಯೋಚಿಸಿಯೇ ಇರಲಿಲ್ಲ. ನಾನು ಹನ್ನೆರಡಕ್ಕೆ ಆರು ಜನರಿಗೆ ಗಂಜಿ ಬಸಿಯುತ್ತಿದ್ದೆ, ಅದನ್ನು ಯಾರೂ ದೊಡ್ಡ ವಿಷಯ ಅಂದುಕೊಂಡಿರಲಿಲ್ಲ. ಗಂಡು ಮಗನಿಗೆ ಮಾತ್ರ ಕಲಿಸದೆ ಬಿಟ್ಟವಳು ನಾನೇ.

ಡಿಸೆಂಬರಿನಲ್ಲಿ ಮತ್ತೆ ಹೋಗಬೇಕು ಎನ್ನುವುದು ಆಗಲೇ ಗೊತ್ತಿತ್ತು. ಆ ಹೊತ್ತಿಗೆ ಊರಲ್ಲಿ ಅಡಿಕೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ತಮ್ಮನ ಹೆಂಡತಿಗೆ ಅವ್ವನ ಹತ್ತಿರ ಕೂರಲು ಪುರುಸೊತ್ತಿರುವುದಿಲ್ಲ. ಹನ್ನೆರಡು ದಿನವಾದರೂ ನಾನಿರಬೇಕು. ಕೈಯಲ್ಲಿ ಮೂರು ತಿಂಗಳಿತ್ತು.

ಸೆಪ್ಟೆಂಬರಿನಿಂದ ಪ್ರತಿ ಭಾನುವಾರ ಬೆಳಗ್ಗೆ ಅಡುಗೆಮನೆ ಅವನದು. ಮೊದಲ ವಾರ ಬರೀ ಕುಕ್ಕರ್. ಗ್ಯಾಸ್ಕೆಟ್ ಎಲ್ಲಿ ಕೂರುತ್ತದೆ, ವೆಯಿಟ್ ಕೂರುವ ಕೊಳವೆಯನ್ನು ಬೆಳಕಿಗೆ ಹಿಡಿದು ಅಗುಳು ಸಿಕ್ಕಿಕೊಂಡಿದೆಯೇ ಎಂದು ಯಾಕೆ ನೋಡಬೇಕು, ಹಬೆ ತಾನಾಗಿ ಇಳಿಯುವ ತನಕ ಮುಚ್ಚಳಕ್ಕೆ ಯಾಕೆ ಕೈ ಹಾಕಬಾರದು. ಮೂರು ಸಲ ಬಿಚ್ಚಿ ಜೋಡಿಸಲು ಹೇಳಿದೆ. ಆಮೇಲೆ ಒಂದೇ ಕುಕ್ಕರಿನಲ್ಲಿ ಕೆಳಗಿನ ಪಾತ್ರೆಗೆ ತೊಗರಿಬೇಳೆ, ಮೇಲಿನದಕ್ಕೆ ಅಕ್ಕಿ. ಒಂದು ಪಾವು ಅಕ್ಕಿಗೆ ಎರಡೂವರೆ ಪಾವು ನೀರು, ನಾಲ್ಕು ವಿಷಲ್. ಬೆಳೆಯುವ ಹುಡುಗನಿಗೆ ಒಂದು ಪಾವು ಅಕ್ಕಿ ಎರಡು ಹೊತ್ತಿಗೆ ಬರುತ್ತದೆ. ಉಳಿದ ಅನ್ನವನ್ನು ಕುಕ್ಕರಿನಲ್ಲೇ ಬಿಡಬಾರದು. ಅಗಲದ ತಟ್ಟೆಗೆ ಹರವಿ, ಬಿಸಿ ಆರಿದ ಕೂಡಲೇ ಫ್ರಿಜ್ಜಿಗೆ. ಬೆಂದ ಅನ್ನ ಹೊರಗೆ ಗಂಟೆಗಟ್ಟಲೆ ಉಳಿದರೆ ಅದರಲ್ಲಿ ಬೆಳೆಯುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಈ ಒಂದು ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ.

ತುಂಬಾ ಅಡುಗೆ ಕಲಿಸಲು ಹೋಗಲಿಲ್ಲ. ಅನ್ನ, ಟೊಮೆಟೊ ಸಾರು, ಹೆಸರುಬೇಳೆ ತೊವ್ವೆ, ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಮೊಟ್ಟೆ. ಆರೇ. ಇಷ್ಟು ಕೈಗೆ ಹತ್ತಿದರೆ ಯಾವ ಹುಡುಗನೂ ಉಪವಾಸ ಬೀಳುವುದಿಲ್ಲ. ಚಪಾತಿ ಕೈಬಿಟ್ಟೆ. ಕಾಲೇಜಿನಿಂದ ಬಂದು ಹಿಟ್ಟು ಕಲಸಿ, ನಾದಿ, ಲಟ್ಟಿಸಿ, ಬೇಯಿಸುವಷ್ಟರಲ್ಲಿ ಹಸಿವೇ ಹಾರಿಹೋಗುತ್ತದೆ. ಕಷ್ಟವಾದದ್ದು ನಾನು ಸುಮ್ಮನೆ ನಿಲ್ಲುವುದು. ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕುತ್ತಿದ್ದ, ಈರುಳ್ಳಿಯನ್ನು ಹೆಬ್ಬೆರಳ ಗಾತ್ರ ಹೆಚ್ಚುತ್ತಿದ್ದ. ಕೈ ಚಾಚಿ ಚಾಕು ಕಸಿದುಕೊಳ್ಳಬೇಕು ಅನಿಸುತ್ತಿತ್ತು. ನಾಲ್ಕನೇ ವಾರ ಅಡುಗೆಮನೆಯಿಂದ ಹೊರಗೆ ಬಂದು ಹಜಾರದಲ್ಲಿ ಕೂತೆ. ಅವತ್ತಿನ ಸಾರು ಅದಕ್ಕೂ ಮುಂಚಿನ ಎಲ್ಲದಕ್ಕಿಂತ ಚೆನ್ನಾಗಿತ್ತು.

ಗ್ಯಾಸಿನ ಪಾಠಕ್ಕೆ ಒಂದು ಪೂರ್ತಿ ಭಾನುವಾರ ಹೋಯಿತು. ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್ ಆಫ್ ಮಾಡಬೇಕು. ವಾಸನೆ ಬಂದರೆ ಲೈಟು, ಫ್ಯಾನು, ಎಕ್ಸಾಸ್ಟ್ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ಹರಡುತ್ತದೆ. ಅದಕ್ಕೆ ಕಿಟಕಿಯ ಜೊತೆಗೆ ಬಾಗಿಲನ್ನೂ ತೆರೆಯಬೇಕು. ರೆಗ್ಯುಲೇಟರ್ ಮುಚ್ಚಿ, ಹೊರಗೆ ಬಂದು, ಅಲ್ಲಿಂದ 1906ಕ್ಕೆ ಫೋನ್ ಮಾಡಬೇಕು. ಬೇರೆ ಯಾವ ಅಪಾಯಕ್ಕಾದರೂ 112. ಸಿಲಿಂಡರ್ ಬದಲಾಯಿಸುವುದನ್ನೂ ಅವನ ಕೈಯಲ್ಲೇ ಮಾಡಿಸಿ, ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ನೋಡಿಸಿದೆ. ಬಚ್ಚಲೊಳಗೆ ಗ್ಯಾಸ್ ಗೀಸರ್ ಇರುವ ಮನೆಯಾಗಿದ್ದರೆ ನಾನು ಅವನನ್ನು ಬಿಟ್ಟು ಹೋಗುತ್ತಲೇ ಇರಲಿಲ್ಲ. ಗಾಳಿ ಆಡದ ಬಚ್ಚಲಲ್ಲಿ ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಸ್ಕೂಟರಿನ ಕೀ ನನ್ನ ಜೊತೆಗೇ ಊರಿಗೆ ಬಂತು. ಯಾಕೆ ಎಂದು ಅವನಿಗೆ ಬಿಡಿಸಿ ಹೇಳಿದೆ. 2019ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಹದಿನೆಂಟಾಗದವರು ಲೈಸೆನ್ಸಿಲ್ಲದೆ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಮನೆಯವರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ದಂಡಕ್ಕಿಂತ ನನಗೆ ರಿಂಗ್ ರೋಡಿನ ಲಾರಿಗಳ ಭಯ. ಮುಖ ಸಣ್ಣದಾಯಿತು, ಆದರೂ ವಾದ ಮಾಡಲಿಲ್ಲ.

ಡಿಸೆಂಬರಿನಲ್ಲಿ ಹೊರಟಾಗ ಫ್ರಿಜ್ಜಿನಲ್ಲಿ ಒಂದೂ ಡಬ್ಬಿ ಇರಲಿಲ್ಲ. ತರಕಾರಿ, ಮೊಟ್ಟೆ, ಸಾರಿನ ಪುಡಿ, ತುಂಬಿದ ಇನ್ನೊಂದು ಸಿಲಿಂಡರ್. ಜೊತೆಗೆ ಮೂರು ಸಾವಿರ ರೂಪಾಯಿ, ಒಂದು ನೋಟ್‌ಬುಕ್. ಖರ್ಚು ಬರೆದಿಡು, ಯಾಕೆ ಅಂತ ಕೇಳಲ್ಲ ಎಂದೆ. ಪಕ್ಕದ ಮನೆಯ ಅಜ್ಜಿಗೆ ಇನ್ನೊಂದು ಬೀಗದ ಕೈ ಕೊಟ್ಟು, ದಯವಿಟ್ಟು ದಿನಾ ಊಟ ಕಳಿಸಬೇಡಿ ಎಂದು ಕೇಳಿಕೊಂಡೆ. ಅವರಿಗೆ ಬೇಜಾರಾಯಿತು, ಆಮೇಲೆ ಒಪ್ಪಿದರು. ದಿನಾ ಸಂಜೆ ಏಳಕ್ಕೆ ಅವನು ಗೇಟಿನ ದೀಪ ಹಾಕಬೇಕು. ದೀಪ ಕಾಣದಿದ್ದರೆ ಅಜ್ಜಿ ಬಾಗಿಲು ತಟ್ಟುತ್ತಾರೆ. ನನ್ನದು ರಾತ್ರಿ ಒಂಬತ್ತೂವರೆಗೆ ಒಂದೇ ಫೋನು. ಈ ಸಲ "ಊಟ ಆಯ್ತಾ?" ಎಂದು ಕೇಳುತ್ತಿರಲಿಲ್ಲ. "ಇವತ್ತು ಏನ್ ಮಾಡ್ದೆ?" ಎಂದು ಕೇಳುತ್ತಿದ್ದೆ. ಅದಕ್ಕೆ "ಹೂಂ" ಎಂದು ಉತ್ತರ ಕೊಡಲು ಬರುವುದಿಲ್ಲ. ಮೆಣಸಿನಕಾಯಿ ಜಾಸ್ತಿಯಾಯಿತು, ಮೊಸರು ಹೆಪ್ಪಾಗಲಿಲ್ಲ ಎಂದು ಮಾತು ಬೆಳೆಯುತ್ತಿತ್ತು. ಚಳಿಗಾಲವಲ್ಲವಾ, ಹಾಲು ಉಗುರುಬೆಚ್ಚಗೆ ಇರುವಾಗ ಹೆಪ್ಪು ಹಾಕಿ, ಪಾತ್ರೆಗೆ ಟವೆಲ್ ಸುತ್ತಿಡು ಎಂದು ಹಾಸಿಗೆಯಿಂದಲೇ ಅವ್ವ ಹೇಳಿಕೊಟ್ಟಳು. ಮೊಮ್ಮಗನ ಜೊತೆ ಅವಳು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲಿರಬೇಕು.

ಐದನೇ ದಿನ ಕುಕ್ಕರಿನ ಹಬೆ ತಗುಲಿ ಮಣಿಕಟ್ಟು ಸುಟ್ಟುಕೊಂಡ. ನನಗೆ ಫೋನ್ ಮಾಡುವ ಮೊದಲೇ ಇಪ್ಪತ್ತು ನಿಮಿಷ ನಲ್ಲಿಯ ನೀರಿನ ಕೆಳಗೆ ಕೈ ಹಿಡಿದಿದ್ದ. ಪೇಸ್ಟು, ಶಾಯಿ ಏನೂ ಹಚ್ಚಿರಲಿಲ್ಲ. ಫೋಟೊ ನೋಡಿದೆ, ಬರೀ ಕೆಂಪಗಾಗಿತ್ತು, ಬೊಬ್ಬೆ ಎದ್ದಿರಲಿಲ್ಲ. ಹೇಳಿಕೊಟ್ಟದ್ದನ್ನು ಮಾಡಿದ್ದಾನೆ ಎಂದು ಗೊತ್ತಿದ್ದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಂಟನೇ ದಿನ ಕರೆಂಟು ಹೋದಾಗ ಅವನೇ ಫೋನ್ ಮಾಡಿದ. "ಏನಿಲ್ಲಮ್ಮ, ಮನೆ ಯಾಕೋ ತುಂಬಾ ದೊಡ್ಡದು ಅನ್ನಿಸ್ತಿದೆ" ಎಂದ. ಕರೆಂಟು ಬರುವ ತನಕ ಮುಕ್ಕಾಲು ಗಂಟೆ ಅದೂ ಇದೂ ಮಾತಾಡಿದೆವು. ಅನ್ನ ಸಾರು ಮೂರು ತಿಂಗಳಲ್ಲಿ ಕಲಿಸಿದ್ದೆ, ಕತ್ತಲಾದ ಮೇಲಿನ ಒಂಟಿ ಮನೆಗೆ ಅವನನ್ನು ತಯಾರು ಮಾಡಿರಲಿಲ್ಲ. ಮಕ್ಕಳನ್ನು ಬಿಟ್ಟು ಹೋಗುವವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ: ಹನ್ನೆರಡು ದಿನಕ್ಕೆ ಮೊದಲು ಒಂದು ರಾತ್ರಿ, ಆಮೇಲೆ ಎರಡು ರಾತ್ರಿ ಬಿಟ್ಟು ನೋಡಿ. ನಾನು ಹಾಗೆ ಮಾಡಬೇಕಿತ್ತು. ಆ ವಾರದ ಕೊನೆಗೆ ಯಜಮಾನರು ಹುಬ್ಬಳ್ಳಿಯಿಂದ ಬಂದು ಎರಡು ದಿನ ಇದ್ದರು. ಮಗ ಅಪ್ಪನಿಗೂ ಅಡುಗೆ ಮಾಡಿ ಹಾಕಿದ್ದ.

"ಗಂಡು ಹುಡುಗನ ಕೈಗೆ ಸೌಟು ಕೊಟ್ಟು ಬಂದಳಲ್ಲ" ಎಂದು ನೆಂಟರಲ್ಲಿ ಒಬ್ಬರು ಅವ್ವನ ಎದುರೇ ಅಂದರು. ಅವ್ವ, "ಅವನಿಗೂ ಹೊಟ್ಟೆ ಇದ್ಯಲ್ಲ" ಎಂದಳು. ಮಾತು ಅಲ್ಲಿಗೆ ನಿಂತಿತು.

ಹದಿಮೂರನೇ ದಿನ ಸಂಜೆ ಮನೆ ಸೇರಿದೆ. ಅಡುಗೆಮನೆಯ ಕಟ್ಟೆ ಒರೆಸಿತ್ತು, ಸಿಂಕಿನಲ್ಲಿ ಎರಡೇ ಲೋಟ. ಸಾಸಿವೆ, ಅರಿಸಿನ, ಇಂಗಿನ ಡಬ್ಬಿಗಳು ನಾನಿಟ್ಟ ಜಾಗ ಬಿಟ್ಟು ಒಲೆಯ ಎಡಕ್ಕೆ ಬಂದಿದ್ದವು, ಅವನು ಎಡಚ. ಅವನ್ನು ವಾಪಸು ಎತ್ತಿಡಲಿಲ್ಲ. ನೋಟ್‌ಬುಕ್ಕಿನಲ್ಲಿ 640 ರೂಪಾಯಿ ಉಳಿಕೆ, ಗೋಬಿ ಮಂಚೂರಿ ಮೂರು ಕಡೆ. ಕೈಕಾಲು ತೊಳೆದು ಬರುವಷ್ಟರಲ್ಲಿ ತಟ್ಟೆ ಹಾಕಿದ್ದ. ಬಿಸಿ ಅನ್ನ, ಟೊಮೆಟೊ ಸಾರು. ಉಪ್ಪು ಸ್ವಲ್ಪ ಮುಂದಾಗಿತ್ತು.

"ಅಜ್ಜಿ ಹೇಗಿದಾರೆ?"

"ವಾಕರ್ ಹಿಡ್ಕೊಂಡು ಹಿತ್ತಲವರೆಗೆ ನಡೀತಾರೆ. ಇನ್ನೊಂಚೂರು ಸಾರು ಹಾಕು."