ಹೋರಿ ಎತ್ತಾದ ಬಗೆ

ಚಳ್ಳಕೆರೆ ಸೀಮೆಯ ರೈತರಿಗಾಗಿ ದನಗಳ ತಳಿ ಸಂವರ್ಧನೆಯ ಕುರಿತು ಕಿರುಪುಸ್ತಿಕೆಯೊಂದನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಆಧಾರವಾಗಿ ಕೊಟ್ಟಿದ್ದ ಹಳೆಯ ಬರಹವನ್ನು ಇದ್ದಂತೆಯೇ ಎತ್ತಿಕೊಳ್ಳುವಂತಿರಲಿಲ್ಲ. ಹಾಗಾಗಿ ಪಕ್ಕದಲ್ಲಿ ನಿಘಂಟು ತೆರೆದಿಟ್ಟುಕೊಂಡು, ಪದಕ್ಕೊಂದು ಸಮಾನಾರ್ಥಕವನ್ನು ಹುಡುಕುತ್ತಾ ಒಂದೇ ಸಂಜೆಯಲ್ಲಿ ನಾಲ್ಕು ಪುಟ ಮುಗಿಸಿದೆ.

ಮೂಲದಲ್ಲಿ ‘ಕಡಸು ಬೆದೆಗೆ ಬಂದಾಗ ಅದೇ ತಳಿಯ ಬೀಜದ ಹೋರಿಗೆ ಬಿಡಬೇಕು’ ಎಂದಿತ್ತು. ನನ್ನ ಕೈಯಲ್ಲಿ ಅದು ‘ಕರು ಉದ್ರೇಕಗೊಂಡಾಗ ಅದೇ ಜಾತಿಯ ಉತ್ತಮ ಎತ್ತಿಗೆ ಬಿಡಬೇಕು’ ಎಂದಾಯಿತು. ಅಚ್ಚಿಗೆ ಕೊಡುವ ಮುನ್ನ, ಹೋರಿ ಸಾಕಿಕೊಂಡಿದ್ದ ಹಿರಿಯರೊಬ್ಬರಿಗೆ ಇದನ್ನು ಓದಿ ಹೇಳಿದೆ.

“ಬೀಜ ಒಡೆದ ಎತ್ತಿನಿಂದ ಎಲ್ಲಾನ ಗಬ್ಬ ನಿಲ್ತೈತಾ ಸ್ವಾಮಿ?” ಎಂದವರು, ಎಲೆಯಡಿಕೆ ಉಗುಳಲು ಎದ್ದು ಹೋದರು.

ಎತ್ತೆಂದರೆ ಬೀಜ ಒಡೆಸಿದ, ಗಬ್ಬ ನಿಲ್ಲಿಸಲಾರದ ಗಂಡು. ಆದರೆ ತಪ್ಪು ಎತ್ತಿನದೊಂದೇ ಆಗಿರಲಿಲ್ಲ. ಕಡಸೆಂದರೆ ಇನ್ನೂ ಈಯದ, ಬೆಳೆದ ಹೆಣ್ಣು. ಕರುವನ್ನು ಹೋರಿಗೆ ಬಿಡುವವರು ಯಾರೂ ಇಲ್ಲ. ಹಳ್ಳಿಕಾರ್, ಅಮೃತ ಮಹಲ್, ಜೆರ್ಸಿ ಇವೆಲ್ಲ ಬೇರೆ ಬೇರೆ ತಳಿಗಳಾದರೂ ದನದ ಜಾತಿಯೇ ಆದ್ದರಿಂದ, ‘ಅದೇ ಜಾತಿ’ ಎಂದು ಬರೆದ ಕೂಡಲೇ ತಳಿಯ ಶುದ್ಧತೆಯನ್ನು ಕಾಯಬೇಕೆಂಬ ಮೂಲದ ಮುಖ್ಯ ಮಾತೇ ಬಿದ್ದುಹೋಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿಗೆ ಅಮೃತ ಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ನಾನು ಅದನ್ನು ‘ಸುಧಾ ಅರಮನೆ’ ಮಾಡಲಿಲ್ಲವೆಂಬುದಷ್ಟೇ ಸಮಾಧಾನ.

ಎರಡನೆಯ ಸಲ ನಿಘಂಟನ್ನೂ ಮೂಲವನ್ನೂ ಮುಚ್ಚಿಟ್ಟು, ಕೊಟ್ಟಿಗೆಯಲ್ಲಿ ಕೆಲಸ ನಡೆಯುವ ಕ್ರಮದಲ್ಲಿಯೇ ಬರೆದೆ. ಹಸು ಕೂಗುವುದು, ಬೇರೆ ದನಗಳ ಮೇಲೇರುವುದು, ತಿಳಿಯಾದ ಲೋಳೆ ಸುರಿಸುವುದು ಬೆದೆಯ ಗುರುತುಗಳು ಎಂಬುದು ಮೊದಲು ಬಂತು. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕು; ಸುಮಾರು 21 ದಿನಗಳ ನಂತರ ಮತ್ತೆ ಬೆದೆ ಬಂದೀತೇ ಎಂದು ಗಮನಿಸಬೇಕು; ಗಬ್ಬ ನಿಂತಿದ್ದರೆ ಸುಮಾರು 280 ದಿನ ಎಣಿಸಬೇಕು. ‘ತಳಿ’ ಎಂಬ ಪದ ಒಂದೇ ಪುಟದಲ್ಲಿ ಏಳು ಸಲ ಬಂದರೂ ಹಾಗೆಯೇ ಬಿಟ್ಟೆ. ಬದಲಾದದ್ದು ವಾಕ್ಯಗಳ ಕಟ್ಟು ಮತ್ತು ಮಾತಿನ ಸರದಿ. ಕೊಟ್ಟಿಗೆಯ ಪದಗಳೆಲ್ಲ ಇದ್ದಲ್ಲಿಯೇ ಉಳಿದವು.

ಹೊಸ ಕರಡನ್ನು ಓದುವಾಗ ಆ ಹಿರಿಯರು ತಡೆದದ್ದು ಒಂದೇ ಕಡೆ, ‘ಪ್ರಸವಿಸುತ್ತದೆ’ ಎಂಬಲ್ಲಿ. ಅದನ್ನು ‘ಈಯುತ್ತದೆ’ ಎಂದು ತಿದ್ದಿ ಅಚ್ಚಿಗೆ ಕೊಟ್ಟೆ.