ರೇಡಿಯೇಟರ್ ಬದಲಿಸುವಾಗ ಉದ್ದ ಸಾಲದು, ವಾಟ್ ಲೆಕ್ಕ ಬೇಕು

ಬ್ರಿಟನ್ನಿನ ಮನೆಗಳಲ್ಲಿ, ಬಾಯ್ಲರಿನ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್ ತುಕ್ಕು ಹಿಡಿದು ಸೋರತೊಡಗಿದರೆ, ಹಳೆಯದರ ಉದ್ದ ಅಳೆದು ಅಷ್ಟೇ ಉದ್ದದ್ದನ್ನು ತರುವವರೇ ಹೆಚ್ಚು. ಆ ಅಳತೆಯಿಂದ ಪೈಪ್ ಕೂಡಿಕೊಳ್ಳುತ್ತದೆ, ಆದರೆ ಕೋಣೆ ಬೆಚ್ಚಗಾಗುತ್ತದೆಂಬ ಖಾತರಿಯಿಲ್ಲ.

ಮೊದಲು ಕೋಣೆ ಎಷ್ಟು ಶಾಖ ಕಳೆದುಕೊಳ್ಳುತ್ತದೆಂದು ನೋಡಿ. ಅಟ್ಟದ ಕೆಳಗಿನ ಮಲಗುವ ಕೋಣೆ, 4 × 3.5 ಮೀ, ಎತ್ತರ 2.4 ಮೀ ಎಂದಿಟ್ಟುಕೊಳ್ಳಿ. ಹೊರಗೋಡೆ ಒಂದೇ, 4 ಮೀ ಉದ್ದದ್ದು, ಒಂಬತ್ತಿಂಚಿನ ಇಟ್ಟಿಗೆಯದು, ಅದರಲ್ಲಿ 1.8 × 1.2 ಮೀ ಹಳೆಯ ಡಬಲ್ ಗ್ಲೇಜಿಂಗ್ ಕಿಟಕಿ. ವಿಸ್ತೀರ್ಣವನ್ನು ಯು-ಮೌಲ್ಯದಿಂದ (ಒಂದು ಡಿಗ್ರಿ ವ್ಯತ್ಯಾಸಕ್ಕೆ ಒಂದು ಚದರ ಮೀಟರಿನಿಂದ ಸೋರುವ ವಾಟ್) ಗುಣಿಸಿ: ಗೋಡೆ 7.44 × 2.1 = 15.6, ಕಿಟಕಿ 2.16 × 2.8 = 6.0, ಇನ್ಸುಲೇಷನ್ ಇರುವ ಚಾವಣಿ 14 × 0.2 = 2.8. ಒಳಗಿನ ಗಾಳಿ ಗಂಟೆಗೊಮ್ಮೆ ಬದಲಾದರೆ, ಕೋಣೆಯ ಘನ ಅಳತೆಯನ್ನು ಗಾಳಿಯ ಅಂಕಿ 0.33ರಿಂದ ಗುಣಿಸಿ: 33.6 × 0.33 = 11.1. ಒಟ್ಟು, ಪ್ರತಿ ಡಿಗ್ರಿಗೆ 35.5 ವಾಟ್. ಒಳಗೆ 20, ಹೊರಗೆ ಮೈನಸ್ 3 ಡಿಗ್ರಿ ಇದ್ದರೆ ಸುಮಾರು 820 ವಾಟ್ ಬೇಕು. ಪಕ್ಕದ ಕೋಣೆಗಳೂ ಬೆಚ್ಚಗಿದ್ದರೆ ಒಳಗೋಡೆಗಳನ್ನು ಬಿಟ್ಟುಬಿಡಬಹುದು.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕ್ಯಾಟಲಾಗಿನ ವಾಟ್ ಡೆಲ್ಟಾ ಟಿ 50ರದ್ದು, ಅಂದರೆ ನೀರಿನ ಸರಾಸರಿ ಬಿಸಿಗೂ ಕೋಣೆಗೂ 50 ಡಿಗ್ರಿ ವ್ಯತ್ಯಾಸ: ನೀರು 75 ಡಿಗ್ರಿಯಲ್ಲಿ ಒಳಬಂದು 65ರಲ್ಲಿ ಹೊರಹೋಗಿ, ಕೋಣೆ 20 ಡಿಗ್ರಿ ಇದ್ದಾಗಿನ ಲೆಕ್ಕ. ಬಾಯ್ಲರನ್ನು 55 ಡಿಗ್ರಿಗೆ ಇಳಿಸಿ, ನೀರು 45ಕ್ಕೆ ಹಿಂತಿರುಗಿದರೆ ಸರಾಸರಿ ವ್ಯತ್ಯಾಸ 30 ಮಾತ್ರ. ಆಗ ಅದೇ ರೇಡಿಯೇಟರ್ ಅರ್ಧದಷ್ಟೇ, ಸುಮಾರು 0.51 ಪಾಲು ಶಾಖ ಕೊಡುತ್ತದೆ. ಅಂದರೆ 820 ವಾಟಿಗೆ ಕ್ಯಾಟಲಾಗಿನಲ್ಲಿ 1,600 ವಾಟಿನದನ್ನು ಹುಡುಕಬೇಕು. ಮುಂದೆ, ಕಡಿಮೆ ಬಿಸಿಯ ನೀರಿನಲ್ಲೇ ಚೆನ್ನಾಗಿ ಕೆಲಸ ಮಾಡುವ ಹೀಟ್ ಪಂಪ್ ಹಾಕಿಸುವ ಯೋಚನೆಯಿದ್ದರೆ ಈ ಲೆಕ್ಕವನ್ನೇ ಹಿಡಿಯಿರಿ. ವಾಟ್ ಬದಲು ಬಿಟಿಯು (ಶಾಖದ ಹಳೆಯ ಬ್ರಿಟಿಷ್ ಅಳತೆ, ಗಂಟೆಗೆ) ಅಂಕಿ ಕೊಟ್ಟಿದ್ದರೆ 3.41ರಿಂದ ಭಾಗಿಸಿ. ಕೆಲವು ಮಾರಾಟಗಾರರು ಡೆಲ್ಟಾ ಟಿ 60ರ ಅಂಕಿ ಹಾಕಿರುತ್ತಾರೆ, ಅದು ಉಬ್ಬಿದ ಸಂಖ್ಯೆ.

600 ಮಿ.ಮೀ. ಎತ್ತರ, 1,000 ಮಿ.ಮೀ. ಉದ್ದದ, ಒಂದು ಪ್ಯಾನೆಲ್ ಮತ್ತು ಒಂದು ಫಿನ್ (ಶಾಖ ಹರಡುವ ಮಡಿಕೆ ತಗಡು) ಇರುವ ಟೈಪ್ 11 ಸುಮಾರು 1,000 ವಾಟ್ ಕೊಡುತ್ತದೆ. ಎರಡು ಪ್ಯಾನೆಲ್, ಎರಡು ಫಿನ್ ಇರುವ ಟೈಪ್ 22 ಸುಮಾರು 1,700. ಹಾಗಾಗಿ ಅಷ್ಟೇ ಗೋಡೆಯಲ್ಲಿ ಕೆಲಸ ಆಗುತ್ತದೆ. ಆದರೆ ಟೈಪ್ 22 ದಪ್ಪ, ವಾಲ್ವ್ ಗೋಡೆಯಿಂದ ಇನ್ನಷ್ಟು ಮುಂದಕ್ಕೆ ಬರುತ್ತದೆ. ನೆಲದಿಂದ ಮೇಲೆದ್ದ ಪೈಪ್ ಅಲ್ಲಿಗೆ ಸಿಗದಿದ್ದರೆ ಎಳೆದು ಬಗ್ಗಿಸಬೇಡಿ. ನೆಲದ ಹಲಗೆಯಡಿಯ ಜಾಯಿಂಟ್ ಸೋರಬಹುದು. ಪೈಪನ್ನು ಸರಿಸಿಯೇ ಜೋಡಿಸಿ.

ಹಳೆಯವು ಇಂಚಿನ ಅಳತೆಯವಾದರೆ ಹೊಸತು ಕೆಲವು ಮಿ.ಮೀ. ಕಡಿಮೆ ಬೀಳಬಹುದು. ಪೈಪಿನ ನಡುವಿನಿಂದ ಇನ್ನೊಂದು ಪೈಪಿನ ನಡುವಿಗೆ ಅಳೆಯಿರಿ; ಕೊರತೆ ಸಣ್ಣದಾದರೆ ಎಕ್ಸ್‌ಟೆನ್ಷನ್ ತುಂಡು ಸಾಕು. ಉದ್ದ ಹೆಚ್ಚಾದರೆ ಪೈಪನ್ನೇ ಸರಿಸಬೇಕು. ಜಿಪ್ಸಂ ಬೋರ್ಡ್ ಗೋಡೆಗೆ ಟೈಪ್ 22 ಹಾಕುವಾಗ, ಒಳಗಿನ ಮರದ ಕಂಬಕ್ಕೇ ಬ್ರಾಕೆಟ್ ಬಿಗಿಯಬೇಕು, ನೀರು ತುಂಬಿದಾಗ ಭಾರ ಇನ್ನೂ ಏರುತ್ತದೆ.

ನೀರು ತುಂಬಿಸುವಾಗ ಇನ್ಹಿಬಿಟರ್ (ತುಕ್ಕು ತಡೆಯುವ ದ್ರವ) ಸೇರಿಸಿ. ದೊಡ್ಡ ರೇಡಿಯೇಟರ್ ಹೆಚ್ಚು ನೀರು ಎಳೆದುಕೊಂಡು ದೂರದ ಕೋಣೆ ತಣ್ಣಗಾದರೆ, ಹೊಸದರ ಲಾಕ್‌ಶೀಲ್ಡ್ ವಾಲ್ವನ್ನು (ನೀರಿನ ಹರಿವು ಹೊಂದಿಸುವ, ಮುಚ್ಚಳ ಹಾಕಿದ ವಾಲ್ವ್) ಕಾಲು ಸುತ್ತಿನಂತೆ ಮುಚ್ಚುತ್ತಾ ಹೋಗಿ.